ಬೆದರಿಕೆ ಮನೆ ಬಾಗಿಲಿಗೆ ಬರದಂತೆ: ಕಾಮಿಕ್ಸ್ ಕಲಾವಿದರು ಏನು ಮಾಡಬೇಕು?

2016ರಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆ ಮಾರ್ವೆಲ್‌ನ ‘ಮಾಕಿಂಗ್‌ಬರ್ಡ್’ ಕಾಮಿಕ್ಸ್‌ನ ಕೊನೆಯ ಸಂಚಿಕೆಯ ಮುಖಪುಟದಲ್ಲಿ ನಾಯಕಿಯ ಟೀ ಶರ್ಟ್ ಮೇಲೆ ಸ್ತ್ರೀವಾದದ ಬಗ್ಗೆ ಒಂದೇ ಒಂದು ಸಾಲಿತ್ತು. ಲೇಖಕಿ ಚೆಲ್ಸಿ ಕೇನ್ ಮೇಲೆ ಬೈಗುಳದ ಮಳೆ ಸುರಿಯಿತು, ಅವರು ಟ್ವಿಟರ್ ಬಿಟ್ಟರು. ಮರುವರ್ಷ ಅದೇ ಸಂಸ್ಥೆಯ ಸಂಪಾದಕಿಯೊಬ್ಬರು ಸಹೋದ್ಯೋಗಿಗಳ ಜೊತೆ ಮಿಲ್ಕ್‌ಶೇಕ್ ಹಿಡಿದ ಸೆಲ್ಫಿ ಹಾಕಿದ್ದಕ್ಕೂ ಅಂಥದೇ ಬೈಗುಳ ಬಂತು.

ಇಂಥ ಹೊತ್ತಿನಲ್ಲಿ ಎಲ್ಲರೂ ಕೊಡುವ ಸಲಹೆ, ‘ತಲೆ ಕೆಡಿಸಿಕೊಳ್ಳಬೇಡ, ಬರೀ ಮಾತು ತಾನೆ’. ಈ ಸಲಹೆ ತಪ್ಪು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಚಿಟಾ ನಗರದಲ್ಲಿ ಆನ್‌ಲೈನ್ ಆಟದ ಜಗಳವೊಂದರ ಸೇಡಿಗೆ ಯಾರೋ ಪೊಲೀಸರಿಗೆ ಸುಳ್ಳು ಕರೆ ಮಾಡಿ, ಒಂದು ಮನೆಯ ವಿಳಾಸ ಕೊಟ್ಟು ಅಲ್ಲಿ ಕೊಲೆಯಾಗಿದೆ ಎಂದರು. ಬಾಗಿಲು ತೆರೆದು ಬಂದ 28ರ ಯುವಕ ಪೊಲೀಸರ ಗುಂಡಿಗೆ ಸತ್ತ. ಆ ಜಗಳಕ್ಕೂ ಅವನಿಗೂ ಸಂಬಂಧವೇ ಇರಲಿಲ್ಲ. ಕೊಂದದ್ದು ಒಂದು ವಿಳಾಸ. ಹಾಗಾಗಿ ಮೊದಲು ಕಾಯಬೇಕಾದ್ದು ವಿಳಾಸವನ್ನೇ.

ನಿಮ್ಮನ್ನು ನೀವೇ ಹುಡುಕಿ

ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ನಿಮ್ಮ ಹೆಸರು, ಕಾವ್ಯನಾಮ, ಫೋನ್ ನಂಬರ್, ಹಳೆಯ ಇಮೇಲ್ ಒಂದೊಂದಾಗಿ ಹಾಕಿ ನೋಡಿ. ಎಂದೋ ಅಪ್‌ಲೋಡ್ ಮಾಡಿ ಮರೆತ ಪೋರ್ಟ್‌ಫೋಲಿಯೋದ ಕೊನೆಯ ಪುಟದಲ್ಲಿ ಮನೆ ವಿಳಾಸ ಇದ್ದೀತು. ಸ್ವಂತ ವೆಬ್‌ಸೈಟ್ ಇದ್ದರೆ, ಅದರ ಹೆಸರಿನ (ಡೊಮೈನ್) ನೋಂದಣಿಯಲ್ಲಿ ನಿಮ್ಮ ವಿವರ ಮರೆಮಾಡಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಆದರೆ ಈ ವೃತ್ತಿಯ ದೊಡ್ಡ ತೂತು ಬೇರೆಯೇ ಇದೆ: ಪಾರ್ಸೆಲ್. ಮೂಲ ಚಿತ್ರ, ಪ್ರಿಂಟ್, ಸಹಿ ಹಾಕಿದ ಪ್ರತಿ ಕೊಂಡವರಿಗೆಲ್ಲ ‘ಇಂದ’ ವಿಳಾಸದ ಜಾಗದಲ್ಲಿ ನಿಮ್ಮ ಮನೆಯ ವಿಳಾಸವನ್ನು ನೀವೇ ಬರೆದು ಕಳಿಸಿರುತ್ತೀರಿ. ಅದರ ಬದಲು ಅಂಚೆ ಪೆಟ್ಟಿಗೆ ಸಂಖ್ಯೆಯನ್ನೋ ಪ್ರಕಾಶಕರ ಕಚೇರಿ ವಿಳಾಸವನ್ನೋ ಬಳಸಿ. ಹಣ ಪಾವತಿಯ ರಸೀದಿಯಲ್ಲಿ ಏನೇನು ಅಚ್ಚಾಗುತ್ತದೆ ಎಂದು ನೋಡಲು ನಿಮ್ಮದೇ ಅಂಗಡಿಯಿಂದ ಒಂದು ಸಣ್ಣ ಪ್ರಿಂಟ್ ಕೊಂಡು ನೋಡಿ.

ಮೇಜಿನ ಫೋಟೊ

ಅರ್ಧ ಇಂಕ್ ಮಾಡಿದ ಪುಟದ ಫೋಟೊ ಹಾಕುವುದು ನಮ್ಮೆಲ್ಲರ ಅಭ್ಯಾಸ. ಹಾಕುವ ಮುನ್ನ ಪುಟವನ್ನು ಬಿಟ್ಟು ಅದರ ಸುತ್ತ ಕಣ್ಣಾಡಿಸಿ. ಬ್ರಷ್ ಡಬ್ಬಿಯ ಹಿಂದೆ ಕೊರಿಯರ್ ಲೇಬಲ್ ತಲೆಕೆಳಗಾಗಿ ಬಿದ್ದಿದೆಯೇ? ಕಿಟಕಿಯಾಚೆ ಎದುರು ಕಟ್ಟಡದ ಬೋರ್ಡ್ ಕಾಣುತ್ತಿದೆಯೇ? ಕ್ಯಾಮೆರಾದ ಲೊಕೇಶನ್ ಕೂಡ ಆಫ್ ಮಾಡಿ.

ದಾಳಿ ಶುರುವಾದಾಗ

ಕಟು ವಿಮರ್ಶೆ ಕಿರುಕುಳವಲ್ಲ. ‘ನಿನಗೆ ಕೈಗಳ ಚಿತ್ರ ಬಿಡಿಸಲು ಬರುವುದಿಲ್ಲ’ ಎಂದವರನ್ನು ಬಿಟ್ಟುಬಿಡಿ. ಬೆದರಿಕೆಯಾದರೆ ಬ್ಲಾಕ್ ಮಾಡುವ ಮೊದಲೇ ದಾಖಲಿಸಿ. ಸ್ಕ್ರೀನ್‌ಶಾಟ್‌ನಲ್ಲಿ ದಿನ, ಸಮಯ ಇರಲಿ. ಪೋಸ್ಟಿನ ಮತ್ತು ಖಾತೆಯ ಲಿಂಕ್ ಬೇರೆಯಾಗಿ ಬರೆದಿಡಿ, ಏಕೆಂದರೆ ಅವರು ಹೆಸರು ಬದಲಿಸುತ್ತಾರೆ, ಬರೆದದ್ದನ್ನು ಅಳಿಸುತ್ತಾರೆ. ಈ ಕೆಲಸವನ್ನು ನಂಬಿಕೆಯ ಗೆಳೆಯರಿಗೆ ಒಪ್ಪಿಸಿ. ನೂರಾರು ಬೈಗುಳಗಳನ್ನು ಒಬ್ಬರೇ ಕೂತು ಓದಿದವರ ಕೈ ಮರುದಿನ ಪೆನ್ಸಿಲ್ ಹಿಡಿಯಲೂ ಒಪ್ಪುವುದಿಲ್ಲ.

ಬೆದರಿಕೆಯಲ್ಲಿ ಜಾಗ, ದಿನ, ಆಯುಧ ಅಥವಾ ಮನೆಯವರ ಹೆಸರು ಬಂದರೆ ‘ರಿಪೋರ್ಟ್’ ಬಟನ್ ಒತ್ತಿ ಕಾಯುತ್ತ ಕೂರಬೇಡಿ, ನೇರ ಪೊಲೀಸರ ಬಳಿ ಹೋಗಿ. ನಿಮ್ಮ ವಿಳಾಸದ ಮೇಲೆ ಸುಳ್ಳು ಕರೆ ಬರಬಹುದು ಎಂದೂ ಮುಂಚಿತವಾಗಿ ತಿಳಿಸಿಡಿ. ಇಮೇಲ್‌ನ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಉಳಿದ ಖಾತೆಗಳ ಕೀಲಿಕೈ ಅಲ್ಲೇ ಇರುತ್ತದೆ.

ಕಾಮಿಕ್ಸ್ ಮೇಳದಲ್ಲಿ ನೀವು ಎಷ್ಟು ಹೊತ್ತಿಗೆ, ಯಾವ ಮೇಜಿನಲ್ಲಿ ಕೂತಿರುತ್ತೀರಿ ಎಂಬುದು ಊರಿಗೆಲ್ಲ ಗೊತ್ತು. ಆಯೋಜಕರಿಗೆ ಬೆದರಿಕೆಯ ಪ್ರತಿ ಕೊಡಿ, ಒಬ್ಬರೇ ಕೂರಬೇಡಿ, ಹೋಟೆಲ್ ಹೆಸರು ಎಲ್ಲೂ ಬರೆಯಬೇಡಿ.

ಪ್ರಕಾಶಕರ ಮಾತನ್ನೂ ಹೇಳಲೇಬೇಕು. ಪುಟಕ್ಕಿಷ್ಟು ಎಂದು ದುಡಿಯುವ ಕಲಾವಿದೆಗೆ ಸಂಸ್ಥೆಯ ವಕೀಲರಿಲ್ಲ, ಭದ್ರತೆಯಿಲ್ಲ. ಪುಸ್ತಕದ ಮೇಲೆ ಸಂಸ್ಥೆಯ ಹೆಸರಿದ್ದರೂ ಕಲ್ಲು ಬೀಳುವುದು ಆಕೆಯ ಮೇಲೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ: ಬೆದರಿಕೆ ಬಂದರೆ ಯಾರಿಗೆ ಫೋನ್ ಮಾಡಬೇಕು? ನನ್ನ ಪರವಾಗಿ ಬಹಿರಂಗವಾಗಿ ಮಾತಾಡುತ್ತೀರಾ?

ಕೊಟ್ಟ ನಂಬರನ್ನು ಪೊಲೀಸ್ ಠಾಣೆಯ ನಂಬರಿನ ಜೊತೆ ಚೀಟಿಯಲ್ಲಿ ಬರೆದು ಮೇಜಿನ ಎದುರು ಗೋಡೆಗೆ ಅಂಟಿಸಿ. ದಾಳಿಯ ದಿನ ನೋಟಿಫಿಕೇಶನ್‌ಗಳು ತುಂಬಿದ ಫೋನಿನಲ್ಲಿ ಅದನ್ನು ಹುಡುಕಲಾಗುವುದಿಲ್ಲ.