ಹಾಲು1 ಟು ಹಾಲು12: ವೇರಿಯಬಲ್ ಗುಂಪನ್ನು ಹೆಸರಿಸಿ ಕರೆಯುವುದು

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಡೈರಿಗೆ ಹಾಲು ಹಾಕುವ ಮನೆಗಳ ಸರ್ವೆ ಮಾಡಿ, ಡೇಟಾ ಎಲ್ಲ ಅಂಕಿಅಂಶ ಲೆಕ್ಕ ಮಾಡುವ ಸಾಫ್ಟ್‌ವೇರ್ ಆದ ಎಸ್‌ಪಿಎಸ್‌ಎಸ್‌ಗೆ ತುಂಬಿದ್ದೆ. ತಿಂಗಳಿಗೊಂದು ಕಾಲಂ, ಹಾಲು1ರಿಂದ ಹಾಲು12. ವರ್ಷದ ಲೀಟರ್ ಬೇಕಿತ್ತು, ಕೂಡಿಸುವ ಫಂಕ್ಷನ್ ‘ಸಮ್’ ಒಳಗೆ ‘ಹಾಲು1 ಟು ಹಾಲು12’ ಅಂತ ಕೊಟ್ಟೆ. ಉತ್ತರ ಬಂತು, ಅನುಮಾನವೇ ಬರಲಿಲ್ಲ. ಎರಡು ದಿನ ಬಿಟ್ಟು ಒಂದು ಮನೆಯ ಲೆಕ್ಕವನ್ನು ಕೈಯಲ್ಲಿ ಕೂಡಿದರೆ 3 ಲೀಟರ್ ವ್ಯತ್ಯಾಸ. ಆ ಮನೆಯಲ್ಲಿ ಹಸು ಮೂರು. ಹಸುವಿನ ಕಾಲಂ ಅನ್ನು ನಾನೇ ಹಾಲು6ರ ಪಕ್ಕ ಸೇರಿಸಿದ್ದೆ!

ಈಗಾಗಲೇ ಇರುವ ಕಾಲಂಗಳ, ಅಂದರೆ ವೇರಿಯಬಲ್‌ಗಳ ನಡುವೆ ‘ಟು’ ಹಾಕಿದರೆ ಎಸ್‌ಪಿಎಸ್‌ಎಸ್ ನಂಬರ್ ಎಣಿಸುವುದಿಲ್ಲ, ಫೈಲಿನಲ್ಲಿ ಕಾಲಂಗಳು ನಿಂತಿರುವ ಸಾಲನ್ನು ಹಿಡಿದು ಹೋಗುತ್ತದೆ. ಮೈಸೂರಿಂದ ಮಂಡ್ಯಕ್ಕೆ ಪ್ಯಾಸೆಂಜರ್ ರೈಲು ಹತ್ತಿದರೆ ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ ಎಲ್ಲ ದಾರಿಯಲ್ಲಿ ಬರುತ್ತವೆ ಅಲ್ವಾ, ಹಾಗೇ ನಡುವೆ ಸಿಕ್ಕಿದ್ದೆಲ್ಲ ಲೆಕ್ಕಕ್ಕೆ ಸೇರುತ್ತದೆ. ಹೊಸದಾಗಿ ಸೃಷ್ಟಿಸುವಾಗ ಮಾತ್ರ, ಉದಾಹರಣೆಗೆ ‘ನ್ಯೂಮರಿಕ್ ಹಾಲು1 ಟು ಹಾಲು12.’ ಅಂದಾಗ, ಅದು ನಂಬರ್ ಪ್ರಕಾರ ಹನ್ನೆರಡು ಕಾಲಂ ಮಾಡುತ್ತದೆ.

ಆದ್ದರಿಂದ ನಂಬರ್ ಯಾವಾಗಲೂ ಹೆಸರಿನ ಕೊನೆಯಲ್ಲಿರಲಿ. ಹಾಲು1 ಬೇರೆ, ಹಾಲು01 ಬೇರೆ, ಒಂದನ್ನೇ ಹಿಡಿಯಿರಿ. ಕನ್ನಡದಲ್ಲೇ ಹೆಸರಿಟ್ಟರೆ ಚಿಕ್ಕದಾಗಿ ಇಡಿ: ಮಿತಿ 64 ಬೈಟ್, ಯೂನಿಕೋಡ್‌ನಲ್ಲಿ ‘ಹಾಲು’ ಅನ್ನುವುದಕ್ಕೇ 12 ಹೋಗುತ್ತದೆ.

ಸಾಲು ಕೆಟ್ಟಿದ್ದರೆ ‘ಆ್ಯಡ್ ಫೈಲ್ಸ್’ ಕಮಾಂಡ್ ಜೊತೆ ‘ಕೀಪ್’ (ಉಳಿಸಿಕೊಳ್ಳುವ ಕಾಲಂಗಳ ಪಟ್ಟಿ) ಕೊಟ್ಟು, ಬೇಕಾದ ಕ್ರಮದಲ್ಲಿ ಹೆಸರು ಬರೆದು ಕೊನೆಗೆ ‘ಆಲ್’ ಹಾಕಿ. ಆ ‘ಆಲ್’ ಮರೆತರೆ ಉಳಿದ ಕಾಲಂಗಳೆಲ್ಲ ಹೋಗಿಬಿಡುತ್ತವೆ, ಜೋಪಾನ.

ಪದೇ ಪದೇ ಬೇಕಾಗುವ ಗುಂಪಿಗೆ ಮ್ಯಾಕ್ರೋ, ಅಂದರೆ ಉದ್ದದ ಪಟ್ಟಿಗೆ ಇಡುವ ಒಂದು ಚಿಕ್ಕ ಹೆಸರು, ಒಳ್ಳೆಯದು. ‘ಡಿಫೈನ್ !ಬೇಸಿಗೆ() ಹಾಲು3 ಹಾಲು4 ಹಾಲು5 !ಎಂಡ್‌ಡಿಫೈನ್.’ ಅಂತ ಒಮ್ಮೆ ಬರೆದರೆ ಮುಂದೆ ‘!ಬೇಸಿಗೆ’ ಅಂದರೆ ಸಾಕು. ಆಶ್ಚರ್ಯ ಚಿಹ್ನೆ ಬಿಡಬೇಡಿ, ಅದಿದ್ದರೆ ವೇರಿಯಬಲ್ ಹೆಸರಿನ ಜೊತೆ ಗೊಂದಲ ಆಗುವುದಿಲ್ಲ. ಈ ಪಟ್ಟಿ ಸರಾಸರಿ ಮುಂತಾದವನ್ನು ಕೊಡುವ ಕಮಾಂಡ್ ಡಿಸ್ಕ್ರಿಪ್ಟಿವ್ಸ್‌ಗೆ ಹಾಗೇ ನಡೆಯುತ್ತದೆ, ಸಮ್ ಒಳಗೆ ಹಾಕಬೇಕಾದರೆ ಹೆಸರುಗಳ ನಡುವೆ ಅಲ್ಪವಿರಾಮ ಬೇಕು.

ಸ್ಯಾಸ್, ಸ್ಟೇಟಾದಂಥ ಬೇರೆ ಅಂಕಿಅಂಶ ಸಾಫ್ಟ್‌ವೇರ್‌ಗೆ ಹೋದರೆ ನಿಯಮ ಬದಲಾಗುತ್ತದೆ. ಸ್ಯಾಸ್‌ನಲ್ಲಿ ಒಂದು ಅಡ್ಡಗೆರೆ ಹಾಕಿದರೆ ನಂಬರ್ ಪ್ರಕಾರ, ಎರಡು ಹಾಕಿದರೆ ಸಾಲಿನ ಪ್ರಕಾರ. ಸ್ಟೇಟಾದಲ್ಲಿ ಒಂದೇ ಅಡ್ಡಗೆರೆ, ಅದೂ ಸಾಲಿನ ಪ್ರಕಾರವೇ. ಅಲ್ಲಿ ‘ಹಾಲು*’ (‘ಹಾಲು’ ಅಂತ ಶುರುವಾಗುವುದೆಲ್ಲ) ಅಂದರೆ ‘ಹಾಲುದರ’ ಕೂಡ ಬಂದು ಸೇರುತ್ತದೆ.

ಇನ್ನೊಂದು, ಎಸ್‌ಪಿಎಸ್‌ಎಸ್‌ನಲ್ಲಿ ಸುಮ್ನೆ ‘ಸಮ್’ ಬದಲು ‘ಸಮ್.12’ ಬರೆಯಿರಿ. ಒಂದು ತಿಂಗಳ ಅಂಕಿ ಇಲ್ಲದಿದ್ದರೂ ಒಟ್ಟು ಖಾಲಿ ಬರುತ್ತದೆ, ಯಾವ ಮನೆಗೆ ಮತ್ತೆ ಹೋಗಿ ಕೇಳಬೇಕು ಅಂತ ತಿಳಿಯುತ್ತದೆ.