ಕಂತು ಕಂತಾಗಿ ಕಾವೇರಿ: ತಲಕಾವೇರಿಯಿಂದ ಶಿರಂಗಾಲಕ್ಕೆ ನಡೆಯುವುದು ಹೇಗೆ?

ಕೊಡಗಿನಲ್ಲಿ ಚಾರಣವೆಂದರೆ ಹೆಚ್ಚಿನವರಿಗೆ ನೆನಪಾಗುವುದು ಬೆಟ್ಟ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತಿ, ಅದೇ ದಿನ ಇಳಿದು, ಸಂಜೆಯ ಬಸ್ ಹಿಡಿಯುತ್ತಾರೆ. ಈ ನಾಡನ್ನು ಸಾವಕಾಶವಾಗಿ ನೋಡಬೇಕೆನ್ನುವವರಿಗೆ ನಾನು ಹೇಳುವ ದಾರಿ ಬೇರೆ. ಹೊಳೆಯ ಜೊತೆ ನಡೆಯಿರಿ. ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಭಾಗಮಂಡಲ, ನಾಪೋಕ್ಲು, ಬಲಮುರಿ, ಬೇತ್ರಿ, ಕೊಂಡಂಗೇರಿ, ಸಿದ್ದಾಪುರ, ದುಬಾರೆ, ಕುಶಾಲನಗರ, ಕಣಿವೆ ದಾಟಿ ಶಿರಂಗಾಲದ ಬಳಿ ಜಿಲ್ಲೆ ಬಿಡುತ್ತಾಳೆ. ಬೆಟ್ಟದ ಮಡಿಲಿನ ಶೋಲಾ ಕಾಡಿನಿಂದ ಹಿಡಿದು ಬಯಲುಸೀಮೆಯ ಹೊಲದವರೆಗೆ ಕೊಡಗಿನಲ್ಲಿ ಇರುವುದೆಲ್ಲ ಈ ಒಂದು ಗೆರೆಯ ಮೇಲೆ ಸಿಗುತ್ತದೆ.

ಇಷ್ಟನ್ನೂ ಒಂದೇ ಸಲಕ್ಕೆ ನಡೆಯಲು ಕೆಲಸದಲ್ಲಿರುವವರಿಗೆ ರಜೆ ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ 14 ರಾಜ್ಯಗಳನ್ನು ಹಾಯುವ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿ ಸುಮಾರು 3,500 ಕಿಲೋಮೀಟರ್ ಉದ್ದವಿದೆ. ಅದನ್ನು ಒಂದೇ ವರ್ಷದಲ್ಲಿ ಮುಗಿಸಿದವರಿಗೂ ಹಲವು ವರ್ಷ ತುಂಡು ತುಂಡಾಗಿ ನಡೆದು ಮುಗಿಸಿದವರಿಗೂ ಅಲ್ಲಿನ ಸಂಸ್ಥೆ ಒಂದೇ ಮನ್ನಣೆ ಕೊಡುತ್ತದೆ. ನಮ್ಮ ಹೊಳೆಯನ್ನೂ ಹೀಗೆ ಕಂತಿನ ಲೆಕ್ಕದಲ್ಲಿ ನಡೆಯಬಹುದು.

ದಾರಿ ಕತ್ತರಿಸುವುದು

ಮೊದಲು ನಕ್ಷೆ ತೆಗೆದುಕೊಳ್ಳಿ. ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಗಳನ್ನು ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಹೊಳೆಯ ಗುಂಟ ಇರುವ ಸೇತುವೆ, ದೇವಸ್ಥಾನ, ಬಸ್ ನಿಲ್ಲುವ ಊರುಗಳಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ.

ದಿನಕ್ಕೆ ಇಷ್ಟೇ ಕಿಲೋಮೀಟರ್ ಎಂದು ಸಮನಾಗಿ ಭಾಗ ಮಾಡಲು ಹೋಗಬೇಡಿ. ಕೊಡಗಿನಲ್ಲಿ ಕಂತಿನ ಉದ್ದವನ್ನು ತೀರ್ಮಾನಿಸುವುದು ಬಸ್ಸು ಮತ್ತು ಆನೆ. ಸಂಜೆ ಬಸ್ಸಿಲ್ಲದ ಜಾಗದಲ್ಲಿ ಕಂತು ಮುಗಿಸಿದರೆ ಕತ್ತಲಲ್ಲಿ ತೋಟದ ರಸ್ತೆ ನಡೆಯಬೇಕಾಗುತ್ತದೆ. ಹಾಗೆ ನಡೆಯಲೇಬಾರದು. ಆದ್ದರಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ: ಮುಗಿಸುವ ಊರಿನಿಂದ ಮಡಿಕೇರಿಗೋ ಕುಶಾಲನಗರಕ್ಕೋ ಹಿಂದಿರುಗುವ ಬಸ್ ಎಷ್ಟು ಗಂಟೆಗೆ? ಅದಕ್ಕೆ ಒಂದು ಗಂಟೆ ಮೊದಲು ಅಲ್ಲಿರಬೇಕೆಂದರೆ ಬೆಳಿಗ್ಗೆ ಎಲ್ಲಿಂದ ಹೊರಡಬೇಕು? ಖಾಸಗಿ ಬಸ್ಸುಗಳ ಸಮಯ ಫಲಕದಲ್ಲಿ ಸಿಗುವುದು ಕಡಿಮೆ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ತಲಕಾವೇರಿಯಿಂದ ಭಾಗಮಂಡಲಕ್ಕೆ 8 ಕಿಲೋಮೀಟರ್ ಇಳಿಜಾರು. ಇದು ಅರ್ಧ ದಿನದ ಕಂತು, ಮಕ್ಕಳನ್ನೂ ಕರೆದೊಯ್ಯಬಹುದು. ಭಾಗಮಂಡಲದಿಂದ ನಾಪೋಕ್ಲು ಇಡೀ ದಿನದ ನಡಿಗೆ. ನಾಪೋಕ್ಲುವಿನಿಂದ ಬಲಮುರಿಯ ಮೇಲೆ ಮೂರ್ನಾಡು, ಅಲ್ಲಿಂದ ಬೇತ್ರಿ ಸೇತುವೆಯವರೆಗಿನ ಭಾಗ ನನಗೆ ಎಲ್ಲಕ್ಕಿಂತ ಇಷ್ಟ. ಗದ್ದೆ ಬಯಲು ಅಗಲವಾಗಿ ತೆರೆದುಕೊಳ್ಳುತ್ತದೆ, ಹೊಳೆ ನಿಧಾನವಾಗುತ್ತದೆ.

ಆನೆಯ ಸೀಮೆ

ಬೇತ್ರಿಯಿಂದ ಮುಂದೆ ಮಾತು ಬದಲಾಗುತ್ತದೆ. ಸಿದ್ದಾಪುರ, ನೆಲ್ಲಿಹುದಿಕೇರಿ, ವಾಲ್ನೂರು, ನಂಜರಾಯಪಟ್ಟಣದ ಸುತ್ತಿನ ಕಾಫಿ ತೋಟಗಳಲ್ಲಿ ಕಾಡಾನೆಗಳು ಬಂದು ಹೋಗುವುದಷ್ಟೇ ಅಲ್ಲ, ದಿನಗಟ್ಟಲೆ ತಂಗುತ್ತವೆ. ಇಲ್ಲಿ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ನಾಲ್ಕರ ನಂತರ ನಡೆಯಬೇಡಿ. ಒಬ್ಬರೇ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ನೆಲ ನೋಡಿ ನಡೆಯುವುದನ್ನು ಕಲಿಯಿರಿ. ಕಾಫಿ ಹಣ್ಣಾಗುವ ಕಾಲದಲ್ಲಿ ಆನೆಗಳು ಹಣ್ಣನ್ನು ಗೆಲ್ಲಿನ ಸಮೇತ ಎಳೆದು ತಿನ್ನುತ್ತವೆ. ಲದ್ದಿಯನ್ನು ಕೋಲಿನಿಂದ ಬಿಡಿಸಿದರೆ ಒಳಗೆ ಕಾಫಿ ಬೀಜ ಇಡಿಯಾಗಿ ಕಾಣುತ್ತದೆ. ಹಲಸಿನ ಕಾಲವಾದರೆ ಹಲಸಿನ ಬೀಜ. ಮೇಲ್ಮೈ ಒಣಗಿ, ನಾರು ಬಿಳಿಚಿಕೊಂಡಿದ್ದರೆ ಹಳೆಯದು. ಒದ್ದೆಯಾಗಿ ಮಿನುಗುತ್ತಿದ್ದರೆ, ಮುರಿದ ಗೆಲ್ಲಿನ ತುದಿಯಲ್ಲಿ ರಸ ಇನ್ನೂ ಆರಿರದಿದ್ದರೆ, ಅಂದಿನ ಕಂತು ಅಲ್ಲಿಗೇ ಮುಗಿಯಿತೆಂದು ತಿಳಿದು ಬಂದ ದಾರಿಯಲ್ಲೇ ಹಿಂದಿರುಗಿ. ಎಲ್ಲಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದು ತೋಟಕ್ಕೆ ಕೆಲಸಕ್ಕೆ ಹೋಗುವವರಿಂದ. “ಅಕ್ಕಾ, ಇವತ್ತು ಈ ಕಡೆ ಆನೆ ಇದೆಯೇ?” ಎಂದು ಕೇಳಿ. ಅವರು ಬೇಡವೆಂದರೆ ವಾದಿಸಬೇಡಿ. ಪ್ರತಿದಿನ ಜೀವ ಕೈಯಲ್ಲಿ ಹಿಡಿದು ಈ ದಾರಿಯಲ್ಲಿ ಓಡಾಡುವವರು ಅವರು. ಅರಣ್ಯ ಇಲಾಖೆಯ ಸಹಾಯವಾಣಿ 1926 ಸಂಖ್ಯೆಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಆದರೆ ಸಿಗ್ನಲ್ ಎಲ್ಲೆಡೆ ಇರುತ್ತದೆಂದು ನಂಬಬೇಡಿ.

ಈ ಭಾಗದಲ್ಲಿ ಕೆಲವು ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕಾಗಿ ಬಂದರೆ ಹೋಗಿ. ನಡಿಗೆಯ ಟಿಪ್ಪಣಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಳ್ಳಿ. ನಡೆದದ್ದು ನಡೆದದ್ದು, ಬಸ್ಸು ಬಸ್ಸು.

ಬಿಟ್ಟಲ್ಲಿಂದಲೇ ಹಿಡಿಯುವುದು

ಕಂತಿನ ನಡಿಗೆಗೆ ಇರುವುದು ಒಂದೇ ಕಟ್ಟುಪಾಡು: ಹಿಂದಿನ ಸಲ ಹೆಜ್ಜೆ ನಿಂತ ಜಾಗದಿಂದಲೇ ಮುಂದಿನ ಹೆಜ್ಜೆ. “ಸಿದ್ದಾಪುರದ ಹತ್ತಿರ” ಎಂದು ಬರೆದರೆ ಆರು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ. “ಬೇತ್ರಿ ಸೇತುವೆ, ಮೂರ್ನಾಡು ಕಡೆಯ ತುದಿ, ಮಧ್ಯಾಹ್ನ 3.10, ನೀರು ಕಂದು ಬಣ್ಣ” ಎಂದು ಬರೆಯಿರಿ. ಸೇತುವೆಯ ಕಂಬ, ಮೈಲಿಗಲ್ಲು, ಶಾಲೆಯ ಗೇಟು ಇಂಥವನ್ನೇ ಗುರುತಾಗಿ ಆರಿಸಿ. ಮರ ಬಿದ್ದುಹೋಗಬಹುದು, ಅಂಗಡಿ ಮುಚ್ಚಬಹುದು.

ಯಾರ ನೆಲ?

ಹೊಳೆಯ ದಡವೆಲ್ಲ ಸಾರ್ವಜನಿಕ ಜಾಗ ಎಂದುಕೊಳ್ಳಬಾರದು. ಬಹುಪಾಲು ತೋಟ, ಗದ್ದೆ, ಬಾಣೆ (ಗದ್ದೆಗೆ ಸೇರಿದ ಮೇವು, ಸೌದೆಯ ಜಾಗ); ಪ್ರತಿಯೊಂದಕ್ಕೂ ಮನೆಯವರಿದ್ದಾರೆ. ಆದ್ದರಿಂದ ಮುಖ್ಯ ದಾರಿ ಊರ ರಸ್ತೆಯೇ. ದಡಕ್ಕೆ ಇಳಿಯಬೇಕಾದರೆ ಕೇಳಿ ಇಳಿಯಿರಿ. ಗೇಟು ಮುಚ್ಚಿದ್ದರೆ ಮುಚ್ಚಿಯೇ ಇರಲಿ. ಭತ್ತ ನಿಂತಿರುವಾಗ ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆದು ಬದು ಕುಸಿಸಬೇಡಿ. ಸುಗ್ಗಿಯ ಹಬ್ಬ ಪುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ಕೇಳಿದರೆ ಸಾಮಾನ್ಯವಾಗಿ ಯಾರೂ ಬೇಡವೆನ್ನುವುದಿಲ್ಲ. ದೇವರಕಾಡು ಸಿಕ್ಕರೆ ಹೊರಗಿನಿಂದಲೇ ನೋಡಿ ಮುಂದೆ ಹೋಗಿ. ದುಬಾರೆ ಕಡೆಯ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.

ಯಾವಾಗ, ಏನು ಹೊತ್ತು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮಳೆಗಾಲದಲ್ಲಿ ಭಾಗಮಂಡಲದ ತ್ರಿವೇಣಿ ಸಂಗಮವೇ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಲಿಹುದಿಕೇರಿಯ ಹೊಳೆದಂಡೆಯ ಮನೆಗಳು ನೀರಿಗೆ ಹೋದವು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಜೀವಗಳು ಹೋದವು. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಹದವಾದ ಕಾಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಗಿಡ ಹೂಬಿಡಿಸುವ ಮಳೆ) ಬಿದ್ದು ಕಾಫಿ ಅರಳಿದರೆ ಆ ವಾರ ರಜೆ ಹಾಕಿಯಾದರೂ ಒಂದು ಕಂತು ನಡೆಯಿರಿ. ತೋಟವೆಲ್ಲ ಬೆಳ್ಳಗಾಗಿ ಘಮ್ಮೆನ್ನುತ್ತದೆ.

ಚೀಲ ಹಗುರವಿರಲಿ. ಕುದಿಸಿ ಆರಿಸಿದ ಎರಡು ಲೀಟರ್ ನೀರು, ಬುತ್ತಿ, ಟಾರ್ಚ್, ತುಂಬು ಪ್ಯಾಂಟು. ಮಣ್ಣು ಒದ್ದೆಯಿರುವ ತನಕ ಇಂಬಳ ಇರುತ್ತದೆ; ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒದ್ದೆ ಮಾಡಿ ಕಾಲಿಗೆ ಸವರಿಕೊಳ್ಳಿ.

ಮೊದಲ ಕಂತನ್ನು ತಲಕಾವೇರಿಯಿಂದಲೇ ಆರಂಭಿಸಬೇಕೆಂಬ ನಿಯಮವಿಲ್ಲ. ನಡೆದು ಅಭ್ಯಾಸವಿಲ್ಲದವರು ಕೊನೆಯ ತುಂಡಾದ ಕೂಡಿಗೆ–ಶಿರಂಗಾಲವನ್ನು ಮೊದಲು ಮುಗಿಸಿ. ನೆಲ ಸಮತಟ್ಟು, ರಸ್ತೆ ನೇರ. ಹಾರಂಗಿ ಬಂದು ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ. ಕಣಿವೆಯ ರಾಮಲಿಂಗೇಶ್ವರ ದೇವಸ್ಥಾನದ ಬಳಿ ತೂಗುಸೇತುವೆಯ ಮೇಲೆ ಹೊಳೆ ದಾಟಿದರೆ ಆಚೆ ದಡ ಮೈಸೂರು ಜಿಲ್ಲೆ. ನೋಡಿ ಹಿಂದಿರುಗಿ, ಹೆಬ್ಬಾಲೆಯಲ್ಲಿ ಕಾಫಿ ಕುಡಿದು ಶಿರಂಗಾಲ ತಲುಪಿ. ಇದು ಕುಶಾಲನಗರ–ಹಾಸನ ರಸ್ತೆಯಾದ್ದರಿಂದ ಹಿಂದಿರುಗಲು ಬಸ್ಸಿಗೆ ಪರದಾಡಬೇಕಾಗಿಲ್ಲ.