ನಿತ್ಯಜೀವದ ಬಗ್ಗೆ ಸಂಶಯ ಬಂದಾಗ ನಾನು ನಡೆದುಕೊಂಡ ರೀತಿ

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ನಮ್ಮ ಬೆಟಗೇರಿಗೂ ಬಂದು ನೆಲೆಸಿದರು. ನಮ್ಮ ಮನೆತನಕ್ಕೆ ಕ್ರೈಸ್ತ ನಂಬಿಕೆ ಬಂದದ್ದು ಅವರಿಂದಲೇ. ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ, ಸಭೆಯ ಹಿರಿಯರಲ್ಲಿ ಒಬ್ಬನಾಗಿ, ಹಾಸಿಗೆ ಹಿಡಿದವರನ್ನೂ ಮನೆಯವರನ್ನು ಕಳೆದುಕೊಂಡವರನ್ನೂ ಭೇಟಿಯಾಗಿ ಪ್ರಾರ್ಥಿಸುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ನನ್ನ ತಮ್ಮನನ್ನು ಮಣ್ಣು ಮಾಡಿ ಬಂದ ನಂತರದ ದಿನಗಳಲ್ಲಿ, ಭಾನುವಾರದ ಆರಾಧನೆಯಲ್ಲಿ ವಿಶ್ವಾಸಪ್ರಮಾಣವನ್ನು ಹೇಳುವಾಗ, ಶರೀರದ ಪುನರುತ್ಥಾನವನ್ನೂ ನಿತ್ಯಜೀವವನ್ನೂ ನಂಬುತ್ತೇನೆ ಎಂಬ ಕೊನೆಯ ಮಾತು ಬಂದಾಗ ನನ್ನ ಬಾಯಿ ಕಟ್ಟತೊಡಗಿತು. ದೇವರಿದ್ದಾನೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಸತ್ತವರು ಏಳುತ್ತಾರೆಯೇ ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ. ನಮ್ಮ ಓಣಿಯ ಲಿಂಗಾಯತ ಬಂಧುಗಳು ಐಕ್ಯದ ಮಾತಾಡುತ್ತಾರೆ, ಬೇರೆ ಗೆಳೆಯರು ಮರುಜನ್ಮದ ಮಾತಾಡುತ್ತಾರೆ. ನಾನು ಈ ಮನೆಯಲ್ಲಿ ಹುಟ್ಟಿದ್ದರಿಂದಷ್ಟೇ ಪುನರುತ್ಥಾನವನ್ನು ಹೇಳುತ್ತಿದ್ದೇನೆಯೇ ಎಂಬ ಯೋಚನೆ ರಾತ್ರಿ ನಿದ್ದೆಗೆಡಿಸುತ್ತಿತ್ತು.

ಮೊದಲು ಮಾಡಿದ್ದು, ಸಂಶಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಎರಡಾಗಿ ಬಿಡಿಸಿದ್ದು: ಯೇಸು ನಿಜವಾಗಿ ಎದ್ದನೇ ಎಂಬುದು ಒಂದು; ಎದ್ದಿದ್ದರೆ ನನ್ನ ತಮ್ಮನಿಗೂ ನನಗೂ ಅದರಿಂದ ಏನು ಎಂಬುದು ಇನ್ನೊಂದು. ಬಳಿಕ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೆಯ ಅಧ್ಯಾಯವನ್ನು, ಅವಸರವಿಲ್ಲದೆ, ಕೆಲವು ವಚನಗಳಷ್ಟನ್ನೇ ಒಂದು ಸಲಕ್ಕೆ ಓದಿದೆ. ಆದಿಸಭೆಗಳಿಗೆ ಸುವಾರ್ತೆ ಸಾರಿದ ಅಪೊಸ್ತಲ ಪೌಲನು ಆ ಪತ್ರಿಕೆಯನ್ನು ಬರೆದದ್ದು ಕ್ರಿ.ಶ. 55ರ ಸುಮಾರಿಗೆ, ಅಂದರೆ ಶಿಲುಬೆಯ ಘಟನೆಯಾಗಿ ಹೆಚ್ಚುಕಡಿಮೆ 25 ವರ್ಷಕ್ಕೆ. ತಾನು ಹೇಳುತ್ತಿರುವುದು ತನ್ನ ಕಲ್ಪನೆಯಲ್ಲ, ಇತರರಿಂದ ಪಡೆದು ಒಪ್ಪಿಸಿದ್ದು ಎಂದು ಮೊದಲೇ ತಿಳಿಸಿ, ಎದ್ದ ಕ್ರಿಸ್ತನು ಕೇಫನಿಗೂ (ಅಂದರೆ ಶಿಷ್ಯನಾದ ಪೇತ್ರನಿಗೂ) ಹನ್ನೆರಡು ಮಂದಿಗೂ, ಒಟ್ಟಿಗೆ ಐನೂರಕ್ಕಿಂತ ಹೆಚ್ಚು ಸಹೋದರರಿಗೂ, ಯಾಕೋಬನಿಗೂ ಕಾಣಿಸಿಕೊಂಡನೆಂದು ಹೇಳುತ್ತಾನೆ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂದೂ ಸೇರಿಸುತ್ತಾನೆ. ಬೇಕಾದವರು ಹೋಗಿ ಕೇಳಬಹುದಾಗಿತ್ತು ಎಂಬುದೇ ಈ ಕೊನೆಯ ಮಾತಿನ ಬಲ. ಅದಕ್ಕಿಂತಲೂ ನನ್ನನ್ನು ತಡೆದು ನಿಲ್ಲಿಸಿದ್ದು ಅವನ ಧೈರ್ಯ: ಕ್ರಿಸ್ತನು ಏಳದಿದ್ದರೆ ನಮ್ಮ ಸಾರೋಣವೂ ನಿಮ್ಮ ನಂಬಿಕೆಯೂ ವ್ಯರ್ಥವೆಂದು ಅವನೇ ಬರೆಯುತ್ತಾನೆ. ನಾನು ಹೆದರಿಕೊಂಡು ಕೇಳಿದ ಪ್ರಶ್ನೆಯನ್ನು ಅಪೊಸ್ತಲನು ಬಹಿರಂಗವಾಗಿ ಸಭೆಯ ಮುಂದಿಟ್ಟಿದ್ದನು.

ಎದುರು ಬದಿಯನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದೆ. ಸಮಾಧಿಗೆ ಹೋದ ಸ್ತ್ರೀಯರ ಹೆಸರುಗಳು ನಾಲ್ಕು ಸುವಾರ್ತೆಗಳಲ್ಲಿ ಒಂದೇ ತೆರನಾಗಿಲ್ಲ. ಸಮಾಧಿಯಲ್ಲಿ ಮಾರ್ಕನು ಒಬ್ಬ ಯುವಕನನ್ನು ಕಾಣಿಸಿದರೆ ಲೂಕನು ಇಬ್ಬರನ್ನು ಕಾಣಿಸುತ್ತಾನೆ. ಮಾರ್ಕನ ಅತಿ ಹಳೆಯ ಹಸ್ತಪ್ರತಿಗಳು ಸ್ತ್ರೀಯರು ಹೆದರಿ ಓಡಿಹೋದಲ್ಲಿಗೇ, 16ನೆಯ ಅಧ್ಯಾಯದ 8ನೆಯ ವಚನದಲ್ಲೇ, ಮುಗಿಯುತ್ತವೆ. ಆದರೆ ಹೆಣ್ಣಿನ ಸಾಕ್ಷಿಗೆ ಬೆಲೆ ಕಡಿಮೆಯಿದ್ದ ಆ ಕಾಲದಲ್ಲಿ, ಕಥೆ ಕಟ್ಟುವವರು ಮೊದಲ ಸಾಕ್ಷಿಗಳಾಗಿ ಸ್ತ್ರೀಯರನ್ನು ಆರಿಸುತ್ತಿರಲಿಲ್ಲ ಎಂಬ ವಾದ ನನಗೆ ಗಟ್ಟಿಯಾಗಿ ಕಂಡಿತು. ಈ ಓದಿನಿಂದ ನಂಬುವುದಕ್ಕೆ ಸಾಕಷ್ಟು ಕಾರಣ ಸಿಕ್ಕಿತು, ಆದರೆ ನಂಬಲೇಬೇಕೆಂಬ ಒತ್ತಾಯ ಹುಟ್ಟಲಿಲ್ಲ. ಯಾವ ಓದಿನಿಂದಲೂ ಅದು ಹುಟ್ಟಲಾರದೆಂದೇ ನನ್ನ ಅಭಿಪ್ರಾಯ.

ಉಳಿದ ದಾರಿಯನ್ನು ಪ್ರಾರ್ಥನೆಯಲ್ಲಿಯೇ ನಡೆಯಬೇಕಾಯಿತು. ಸಂಶಯ ತೀರಿದ ಮೇಲೆ ಪ್ರಾರ್ಥಿಸೋಣವೆಂದು ಕಾಯದೆ, ಸಂಶಯವನ್ನೇ ದೇವರ ಮುಂದೆ ಹೇಳತೊಡಗಿದೆ. ಇದಕ್ಕೆ ನನಗೆ ಮಾತು ಕೊಟ್ಟದ್ದು ಕೀರ್ತನೆಗಳು. 13ನೆಯ ಕೀರ್ತನೆ ಇನ್ನೆಷ್ಟು ಕಾಲ ಎಂದು ದೇವರನ್ನೇ ಕೇಳುತ್ತದೆ. 88ನೆಯದು ಸತ್ತವರು ಎದ್ದು ನಿನ್ನನ್ನು ಕೊಂಡಾಡುವರೋ ಎಂದು ಪ್ರಶ್ನಿಸಿ, ಸಮಾಧಾನದ ಒಂದು ಸಾಲೂ ಇಲ್ಲದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅಂಥ ಕೀರ್ತನೆಯನ್ನು ಸತ್ಯವೇದವು ಹೊರಗೆ ಹಾಕದೆ ಉಳಿಸಿಕೊಂಡಿದೆ ಎಂಬುದು ನನಗೆ ಬಹಳ ದೊಡ್ಡ ವಿಷಯವಾಯಿತು. ಮಾರ್ಕನ 9ನೆಯ ಅಧ್ಯಾಯದಲ್ಲಿ ಮಗನನ್ನು ಕರೆತಂದ ತಂದೆಯು ತಾನು ನಂಬುತ್ತೇನೆಂದೂ ತನ್ನ ಅಪನಂಬಿಕೆಯಲ್ಲಿ ಸಹಾಯಬೇಕೆಂದೂ ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಯೇಸು ಅವನನ್ನು ಗದರಿಸಿ ಕಳಿಸದೆ ಮಗನನ್ನು ಗುಣಪಡಿಸುತ್ತಾನೆ. ಮತ್ತಾಯನು ಬರೆಯುವಂತೆ, ಎದ್ದ ಕರ್ತನನ್ನು ಗಲಿಲಾಯದ ಬೆಟ್ಟದಲ್ಲಿ ಕಂಡವರಲ್ಲಿಯೂ ಕೆಲವರು ಸಂಶಯಪಟ್ಟರು, ಆದರೂ ಅವರೆಲ್ಲರನ್ನೂ ಒಟ್ಟಿಗೇ ಲೋಕಕ್ಕೆ ಕಳುಹಿಸಲಾಯಿತು.

ಸಭೆಗೆ ಹೋಗುವುದನ್ನು ನಾನು ಬಿಡಲಿಲ್ಲ. ಇದರಲ್ಲಿ ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ತೋಮನ ಪ್ರಸಂಗ ನನಗೆ ದಾರಿ ತೋರಿತು. ಕಣ್ಣಾರೆ ಕಾಣದೆ, ಯೇಸು ಎದ್ದನೆಂದು ತಾನು ನಂಬುವುದೇ ಇಲ್ಲವೆಂದು ಅವನು ಹೇಳಿಬಿಟ್ಟಿದ್ದರೂ, ಎಂಟು ದಿನದ ಮೇಲೆ ಶಿಷ್ಯರು ಕೂಡಿದ್ದ ಮನೆಯಲ್ಲಿ ಅವನೂ ಇದ್ದನು. ಉಳಿದವರು ಅವನನ್ನು ಹೊರಗಿಟ್ಟಿರಲಿಲ್ಲ. ಅವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಕೂಟದೊಳಗೆ. ನನ್ನ ಬಾಯಿ ಕಟ್ಟಿದ ಭಾನುವಾರಗಳಲ್ಲಿ ಅಕ್ಕಪಕ್ಕದವರು ಆ ಮಾತನ್ನು ಪೂರ್ತಿ ಹೇಳುತ್ತಿದ್ದರು, ನಾನು ಅವರ ದನಿಯ ಹಿಂದೆ ನಿಂತಿರುತ್ತಿದ್ದೆ. ಕರ್ತನ ಭೋಜನಕ್ಕೂ ಕೈ ಚಾಚುತ್ತಿದ್ದೆ.

ರೋಗಿಗಳ ಭೇಟಿಯನ್ನೂ ಮುಂದುವರಿಸಿದೆ, ಆದರೆ ನನ್ನ ಮಾತು ಕಡಿಮೆಯಾಯಿತು. ಎಲ್ಲವೂ ದೇವರ ಚಿತ್ತ ಎಂದು ಅವಸರದಿಂದ ಹೇಳುವುದನ್ನು ನಾನು ಒಪ್ಪುವುದಿಲ್ಲ. ಸತ್ತಿದ್ದ ತನ್ನ ಗೆಳೆಯ ಲಾಜರನನ್ನು ಎಬ್ಬಿಸಲೆಂದೇ ಬೇಥಾನ್ಯಕ್ಕೆ ಬಂದ ಯೇಸು ಕೂಡ ಮೊದಲು ಅತ್ತನು. ಆದ್ದರಿಂದ ಮೊದಲು ಕುಳಿತು ಕೇಳುತ್ತೇನೆ, ಒಪ್ಪಿಗೆ ಪಡೆದು 23ನೆಯ ಕೀರ್ತನೆಯನ್ನೋ ಯೋಹಾನನ 11ನೆಯ ಅಧ್ಯಾಯದ ಭಾಗವನ್ನೋ ಓದುತ್ತೇನೆ, ಪ್ರಾರ್ಥನೆಯನ್ನು ಚಿಕ್ಕದಾಗಿಡುತ್ತೇನೆ. ಒಮ್ಮೆ ಸಾವಿನ ಹತ್ತಿರವಿದ್ದ ಒಬ್ಬ ವೃದ್ಧೆ, ತನಗಿಂತ ಮುಂಚೆ ಹೋದ ಮಗನನ್ನು ನೆನೆದು, “ಮಾಸ್ತರ, ಅಲ್ಲಿ ನನ್ನ ಮಗ ನನ್ನ ಗುರ್ತ ಹಿಡೀತಾನೇನ್ರಿ?” ಎಂದು ಕೇಳಿದರು. “ಹೆಂಗ ಅನ್ನೂದು ನನಗ ಗೊತ್ತಿಲ್ಲವ್ವಾ. ಆದರ ಎದ್ದ ಕರ್ತನ್ನ ಮಗ್ದಲದ ಮರಿಯಳು ಮೊದಲ ತೋಟಗಾರ ಅಂತ ತಿಳದಳು, ಆತ ಹೆಸರು ಹಿಡದು ಕರದ ಕೂಡಲೇ ಗುರ್ತ ಹಿಡದಳು,” ಎಂದೆ. ಅವರು ಆ ಭಾಗವನ್ನು ಮತ್ತೊಮ್ಮೆ ಓದಿಸಿಕೊಂಡರು. ಅವರಿಗೆಂದು ಓದುತ್ತಿದ್ದಾಗ ಆ ಮಾತಿನಲ್ಲಿ ನನಗೂ ಭರವಸೆ ಹುಟ್ಟಿತು. ನೋಟ್‌ಬುಕ್ಕಿನ ಎರಡನೆಯ ಪ್ರಶ್ನೆಗೆ, ನನ್ನ ತಮ್ಮನ ಪ್ರಶ್ನೆಗೆ, ಇಂದಿಗೂ ನಾನು ಹಿಡಿದುಕೊಂಡಿರುವುದು ಇದನ್ನೇ: ಅವನ ಹೆಸರು ಕರ್ತನಿಗೆ ಗೊತ್ತು.

ನಿತ್ಯಜೀವವೆಂದರೆ ಒಬ್ಬನೇ ಸತ್ಯದೇವರನ್ನೂ ಆತನು ಕಳುಹಿಸಿದ ಕ್ರಿಸ್ತನನ್ನೂ ತಿಳಿಯುವುದೇ ಎಂದು ಯೋಹಾನನ 17ನೆಯ ಅಧ್ಯಾಯ ಹೇಳುತ್ತದೆ. ಹಾಗಾದರೆ ಅದು ಮಣ್ಣಾದ ಮೇಲೆ ಮಾತ್ರ ತೊಡಗುವಂಥದ್ದಲ್ಲ, ಈ ಭೇಟಿಗಳಲ್ಲಿಯೇ ಅದರ ಆರಂಭವಿದೆ ಎಂದು ನಂಬಿದ್ದೇನೆ. ವಿಶ್ವಾಸಪ್ರಮಾಣದ ಕೊನೆಯ ಮಾತನ್ನು ಈಗ ನಾನು ಪೂರ್ತಿಯಾಗಿ ಹೇಳುತ್ತೇನೆ. ಸಾವಿನ ಮನೆಯಿಂದ ಮರಳಿದ ಕೆಲವು ರಾತ್ರಿ ಹಳೆಯ ಪ್ರಶ್ನೆ ಬರುತ್ತದೆ, ಆಗ 88ನೆಯ ಕೀರ್ತನೆಯನ್ನು ಓದಿ ಮಲಗುತ್ತೇನೆ.

ಈ ವರ್ಷ ನಮ್ಮ ಸತ್ಯವೇದ ಅಧ್ಯಯನದ ಕೂಟದಲ್ಲಿ ಅದೇ 15ನೆಯ ಅಧ್ಯಾಯವನ್ನು ಎತ್ತಿಕೊಂಡಿದ್ದೇವೆ. ಸಂಶಯಗಳನ್ನು ಬರೆದು ತರಬೇಕೆಂದು ನಾನೇ ಕೇಳಿಕೊಂಡಿದ್ದೇನೆ. ಸತ್ತವರು ಎಂಥ ದೇಹದಿಂದ ಬರುತ್ತಾರೆ ಎಂದು ಕಾಲೇಜಿನ ಹುಡುಗಿಯೊಬ್ಬಳು ಬರೆದು ತಂದಿದ್ದಳು. 35ನೆಯ ವಚನದಲ್ಲಿ ಪೌಲನೂ ಅದೇ ಪ್ರಶ್ನೆಯನ್ನು ಎತ್ತಿ, ಬಿತ್ತುವುದು ಬರಿಯ ಕಾಳು, ಅದಕ್ಕೆ ದೇಹವನ್ನು ಕೊಡುವವನು ದೇವರು ಎಂದು ಉತ್ತರಿಸುತ್ತಾನೆ. ಹಿಂಗಾರಿ ಜೋಳ ಬಿತ್ತುವ ಮನೆತನದ ಆ ಹುಡುಗಿಗೆ ಉತ್ತರ ಅರ್ಥವಾಯಿತು, ಆದರೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮುಂದಿನ ವಾರ ಅಲ್ಲಿಂದಲೇ ಓದುವುದೆಂದು ತೀರ್ಮಾನಿಸಿದೆವು.